ನಾಲ್ಕನೇ ಜ್ವರ

ಬ್ಲೀಚಿಂಗ್ ಪುಡಿ ತರಲು ಶಿಡ್ಲಘಟ್ಟಕ್ಕೆ ಹೋದವಳು
ನಾಯಿಮರಿ ತಂದೆ.

ಗೂಡಿನ ಮಾರುಕಟ್ಟೆ ಹಿಂದೆ ನೂಲು ಬಿಚ್ಚುವ ಶಾಹಿದಾ
ಮೋರಿಯಿಂದ ಎತ್ತಿ, ಒರೆಸಿ,
ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕೊಟ್ಟಳು:
"ಇದರಮ್ಮ ಲಾರಿಗೆ ಸಿಕ್ಕಳು. ಇದೊಂದು ಉಳಿದಿದೆ, ಒಯ್ಯಕ್ಕಾ."
ಮೇಲೂರಿನವರೆಗೂ ಬಸ್ಸಿನಲ್ಲಿ
ಲಿಖಿತನ ತೊಡೆಯ ಮೇಲೆ ನಿದ್ದೆ ಮಾಡಿತು.
ನಿದ್ದೆ ಅಂದುಕೊಂಡೆವು.
ಉಬ್ಬಿದ ಹೊಟ್ಟೆ ನೋಡಿ ಬೋಂಡ ಎಂದು ಹೆಸರಿಟ್ಟ.
ಹೊಟ್ಟೆಯ ತುಂಬ ಜಂತು, ಆಮೇಲೆ ಗೊತ್ತಾಯಿತು.

ಅತ್ತೆ ಬಾಗಿಲಲ್ಲೇ ತಡೆದರು:
"ಹುಳ ಮೂರು ಜ್ವರ ಎದ್ದಿವೆ, ನಾಲ್ಕಕ್ಕೆ ಕೂರುವ ಹೊತ್ತು,
ಈಗ ತರ್ತಾರಾ ಇದನ್ನ?"
ಕೊಟ್ಟಿಗೆಯ ಮೂಲೆಯಲ್ಲಿ ಗೋಣಿ ಹಾಸಿದೆ.

ಮೂರನೆಯ ದಿನ ಹಾಲು ಮುಟ್ಟಲಿಲ್ಲ.
ಗೋಣಿಯ ಮೇಲೆ ರಕ್ತ; ಆ ವಾಸನೆ
ಇವತ್ತಿಗೂ ಸೆರಗಿನಲ್ಲಿದೆ ಅನಿಸುತ್ತದೆ.

ಪಶು ಆಸ್ಪತ್ರೆಯ ಸುಗುಣಾ ಡಾಕ್ಟ್ರು
ಒಸಡು ಒತ್ತಿ ನೋಡಿ ಸುಮ್ಮನಾದರು.
"ಪಾರ್ವೋ. ಕರುಳು ಕಿತ್ತು ಬರುವ ರೋಗ.
ಉಳಿಯುತ್ತೆ ಅಂತ ಹೇಳಲಾರೆ.
ನೆಲಕ್ಕೆಲ್ಲ ಬ್ಲೀಚಿಂಗ್ ಹಾಕಿ ಒರೆಸಿ."
ನಗು ಬಂತು, ಅಳುವಿನ ಪಕ್ಕದಿಂದಲೇ ಬಂತು.
ನಮ್ಮನೆಯಲ್ಲಿ ಉಪ್ಪು ತೀರಬಹುದು, ಅದು ತೀರುವುದಿಲ್ಲ.

ರೋಗ ನನಗೆ ಹೊಸದಲ್ಲ.
ಹಾಲುತೊಂಡೆ ಬಂದ ಹುಳ
ಸ್ಟ್ಯಾಂಡಿನ ಅಂಚಿಗೆ ಹೋಗಿ ಸುಮ್ಮನೆ ಅಲೆಯುತ್ತದೆ.
ಮುಟ್ಟಿದರೆ ಒಡೆಯುತ್ತದೆ ಬೆಳ್ಳಗೆ.
ಕಡ್ಡಿಯಲ್ಲಿ ಹಿಡಿದು ಸುಣ್ಣದ ಬೋಸಿಗೆ ಹಾಕುತ್ತೇನೆ,
ಟಿವಿ ಕಡೆ ನೋಡುತ್ತಲೇ.
ಹೋದ ವರ್ಷ ಗಂಟುರೋಗ ಬಂದಾಗ
ಇಡೀ ಮನೆಯ ಹುಳ ಗುಂಡಿಗೆ ಸುರಿದೆವು, ನೂರು ಮೊಟ್ಟೆಯ ಬೆಳೆ.
ಸುರಿದು, ಕೈ ತೊಳೆದು, ಮುದ್ದೆ ಉಂಡೆ.
ಲೆಕ್ಕದ ಪುಸ್ತಕದಲ್ಲಿ ಒಂದೇ ಗೆರೆ.

ಇದು ಒಂದು. ಮುಷ್ಟಿಯಷ್ಟು.
ಮುಂಗಾಲಿನ ನರ ಹುಡುಕಿ ಸೂಜಿ ಚುಚ್ಚಿದಾಗ
ಅದು ಕೂಗಲಿಲ್ಲ, ನನ್ನ ಮುಖ ನೋಡಿತು.
ಹುಳ ಯಾವತ್ತೂ ಮುಖ ನೋಡುವುದಿಲ್ಲ.

ಯಜಮಾನರು ಲೆಕ್ಕ ಹಾಕಿದರು ಜೋರಾಗಿಯೇ:
ಮೂರು ದಿನದ ಗ್ಲೂಕೋಸು, ಇಂಜೆಕ್ಷನ್ನು,
ಆಟೋ, ಅಲ್ಲಿಗೆ ಎಂಟು ಕೆಜಿ ಗೂಡು.
"ಹೌದು" ಅಂದೆ.
ಮತ್ತೇನೂ ಹೇಳದೆ ಹೋಗಿ
ಮೊಳೆ ಹೊಡೆದು, ಹಳೇ ಚಂದ್ರಿಕೆಯ ದಬ್ಬೆ ಕಟ್ಟಿ
ಬಾಟಲಿ ತೂಗುಹಾಕಿದರು.

ಅವತ್ತೇ ರಾತ್ರಿ ಹುಳ ನಾಲ್ಕನೇ ಜ್ವರಕ್ಕೆ ಕೂತವು.
ತಲೆ ಎತ್ತಿ, ಮೈ ಬಿಗಿಹಿಡಿದು, ಬಾಯಿ ಕಟ್ಟಿ.
ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ,
ಸುಣ್ಣದ ಪುಡಿ ಉದುರಿಸಿ ಹೊರಬರಬೇಕು ಅಷ್ಟೆ.
ಎಲೆ ಮೇಯುವ ಸದ್ದು ನಿಂತ ಮನೆಯಲ್ಲಿ
ಬಾಟಲಿಯ ಹನಿ ಕೇಳುತ್ತದೆಂದು ನನಗೆ ಗೊತ್ತಿರಲಿಲ್ಲ.

ಲಿಖಿತ ಕಂಬಳಿ ಹೊದ್ದು ಪಕ್ಕ ಬಂದು ಕೂತ.
"ಬೋಂಡಂದು ಎಷ್ಟನೇ ಜ್ವರಮ್ಮಾ?"
"ಮೊದಲನೇದು."
"ನಾಯಿಗೆ ಒಟ್ಟು ಎಷ್ಟು?"

ಹುಳಕ್ಕೆ ನಾಲ್ಕು. ಅದನ್ನು
ನಡುನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.
ನಾಲ್ಕು ದಾಟಿದರೆ ಏಳು ದಿನ ಮೇಯುತ್ತದೆ, ಹಣ್ಣಾಗುತ್ತದೆ,
ಗೂಡು ಕಟ್ಟುತ್ತದೆ, ನಾವು ಮಾರುತ್ತೇವೆ,
ಶಾಹಿದಾ ಬೇಯಿಸುತ್ತಾಳೆ,
ಬೆಂದದ್ದನ್ನು ಬೀದಿನಾಯಿಗಳಿಗೆ ಹಾಕುತ್ತಾಳೆ.
ಇದರಮ್ಮ ಅದನ್ನೇ ತಿಂದು ಇದಕ್ಕೆ ಹಾಲು ಕೊಟ್ಟಿರಬೇಕು.
ಯಾವ ಬೆಳೆಯ ಹುಳವೋ, ನನ್ನದೇ ಇರಬಹುದು.

"ಮಲಗು" ಅಂದೆ. ಮಲಗಲಿಲ್ಲ.

ನಸುಕಿಗೆ ಅತ್ತೆ ಕೂಗಿದರು: "ಎದ್ದಿವೆ ಕಣೇ!"
ಹುಳಗಳ ಮಾತು.
ಓಡಿದೆ. ಹೊಸ ತೊಗಲು, ದೊಡ್ಡ ಹಸಿವು.
ರೆಂಬೆ ಹರಡಿ, ಸದ್ದು ಶುರುವಾಗುವವರೆಗೆ ನಿಂತು
ಕೈ ತೊಳೆಯದೆಯೇ ಕೊಟ್ಟಿಗೆಗೆ ಬಂದೆ.

ಮೂಗು ಒಣಗಿತ್ತು.
ಸೊಪ್ಪಿನ ಹಸಿ ವಾಸನೆಯ ಬೆರಳನ್ನು
ಹತ್ತಿರ ಹಿಡಿದೆ.
ಮೂಸಿತು.
ನೆಕ್ಕಲಿಲ್ಲ, ಬಾಲ ಆಡಿಸಲಿಲ್ಲ,
ಮೂಸಿತು, ಅಷ್ಟೆ.

ಅತ್ತೆ ಹಿಂದೆಯೇ ಬಂದು ನಿಂತಿದ್ದರು.
"ಎದ್ದಿತಾ?" ಅಂದರು.
"ಗೊತ್ತಿಲ್ಲತ್ತೆ" ಅಂದೆ,
ಬಾಟಲಿಯಲ್ಲಿ ಇನ್ನೂ ಎರಡು ಬೆರಳು ನೀರಿತ್ತು.