ಅಗಸಿ ಕಾಳಿನಷ್ಟ

ಹದಿನಾಕು ವರ್ಷ ಶೀಟಿ ಊದಿದ ಬಾಯಿ ಇದು.
ಒಂದ್ ಸಲ ಊದಿದ್ರ ಬಸ್ಸು ನಿಲ್ಲತಿತ್ತು,
ಎರಡ್ ಸಲ ಊದಿದ್ರ ಹೊಂಟಬಿಡತಿತ್ತು.
ಉಣಕಲ್ಲಿನ ಸ್ಟಾಪಿಗೆ ಓಡಿ ಬರೂ ಕಾಲೇಜ್ ಹುಡುಗರು
ಬೋರ್ಡ್ ನೋಡತಿರಲಿಲ್ಲ, ಕಿವೀಲೇ ಗುರ್ತ ಹಿಡೀತಿದ್ರು:
ಫಕ್ಕೀರವ್ವನ ಗಾಡಿ, ನಡೀರಿ ನಡೀರಿ.

ಅಂಥಾ ಬಾಯಿಗೆ ಈಗ
ಒಂದು ಬಿದರಿನ ತುಂಡು ಮಾತು ಕೇಳಂಗಿಲ್ಲ.

ಯಾರೋ ಸೀಟಿನ ಮ್ಯಾಲ ಬಿಟ್ಟು ಹೋದ ಕೊಳಲು.
ಡಿಪೋದಾಗ ಛತ್ರಿ, ಟಿಫಿನ್ ಡಬ್ಬಿ, ಒಂಟಿ ಚಪ್ಪಲಿ ನಡುವ
ಮೂರು ತಿಂಗಳು ಬಿದ್ದಿತ್ತು. ಕೇಳಿಕೊಂಡು ಯಾರೂ ಬರಲಿಲ್ಲ.
ನಾ ಕೇಳಿದೆ.

ಇಂಡಿಪಂಪಿನ ಹಿಂದ, ಗಾದಿ ಅಂಗಡಿ ಮ್ಯಾಲ
ರಾಜೇಸಾಬ ಮಾಸ್ತರ ಖೋಲಿ.
ಮೂವತ್ತು ವರ್ಷ ಲಗ್ನದ ಬ್ಯಾಂಡಿನ್ಯಾಗ ಕ್ಲಾರ್ನೆಟ್,
ಮನ್ಯಾಗ ಮಾತ್ರ ಕೊಳಲು.
ಈಗ ಮುಂದಿನ ನಾಕ ಹಲ್ಲು ಹೋಗ್ಯಾವ.
"ಹಲ್ಲು ಅಂದ್ರ ತುಟಿಗೆ ಗ್ವಾಡಿ ಇದ್ದಂಗವ್ವಾ.
ಗ್ವಾಡಿ ಬಿದ್ದ ಮನಿಗೆ ಬಾಗಲಾ ಎಲ್ಲಿ ಹಚ್ಚಲಿ?"
ಹಂಗಾಗಿ ಊದಿ ತೋರಸಂಗಿಲ್ಲ,
ಬರೇ ಮಾತಿನ್ಯಾಗ ಕಲಸತಾರ.

ಕೊಳಲ ಇಸಕೊಂಡು ಮಾಡದಾಗ ಇಟ್ಟುಬಿಟ್ರು, ಒಂದು ತಿಂಗಳು.
ಕೈಯಾಗ ಕೊಟ್ಟದ್ದು ಕನ್ನಡಿ,
ಯಾವುದೋ ಸೆಲೂನಿಂದು, ಮೂಲಿ ಒಡದದ್ದು.
"ಕೆಳತುಟಿ ಸಡಲ ಬಿಡು. ನಗಬ್ಯಾಡ. ಅಳಲೂ ಬ್ಯಾಡ.
ತುದಿ ಎರಡೂ ಮಲಗಲಿ.
ನಡುವ ಒಂದು ಕಿಂಡಿ. ಎಷ್ಟು?
ಅಗಸಿ ಕಾಳಿನಷ್ಟ."
ನನಗ ಬಂದದ್ದು ಕಡ್ಲಿ ಕಾಳಿನಷ್ಟ.
ಮನಿಗೆ ಬಂದು ಡಬ್ಬ್ಯಾಗಿಂದ ಅಗಸಿ ಒಂದು ತಗದು
ಕನ್ನಡಿ ಮ್ಯಾಲ ಇಟ್ಟು ನೋಡಿದೆ.
ಚಪ್ಪಟಿ, ನುಣ್ಣಗ, ತುದಿ ಚೂಪ.
ಇದರಾಗ ನನ್ನ ಉಸಿರು ಹಿಡಿಸತೈತೇನು?

ನಮ್ಮವ್ವ ಊದುಗೊಳವಿ ಊದಿ ಊದಿ
ಕಣ್ಣು ಕೆಂಪ ಮಾಡಿಕೊಂಡಾಕಿ.
ಹಸಿ ಕಟಗಿ, ಬೂದಿ, ಉಬ್ಬಿದ ಗಲ್ಲ.
ಊದೂದು ಅಂದ್ರ ಹಂಗ ಅಂತ ತಿಳದಿದ್ದೆ:
ಗಲ್ಲ ತುಂಬ ಗಾಳಿ, ಹೊಟ್ಟಿ ತುಂಬ ಸಿಟ್ಟು.
ಕೊಳಲ ಕೈಗೆ ಬಂದ ದಿನ ಹಂಗ ಊದಿದೆ.
ಫುಸ್.
ಇನ್ನೊಮ್ಮೆ. ಫುಸ್.
ತಲಿ ಗಿರ್ ಅಂತು, ಕಿಟಕಿ ಸಳಿ ಹಿಡಕೊಂಡೆ.
ಕೆಳಗ ಗಾದಿ ಹೊಲಿಯೂ ಹುಡುಗ ಕೂಗಿದ:
"ಚಾಚಾ, ಯಾರ ಗಾಡಿ ಪಂಚರ್ ಆತ್ರಿ?"

ಮಾಸ್ತರು ನಗಲಿಲ್ಲ.
ಅಂಗಡಿಂದ ಒಂದು ಚಿಟಿಗಿ ಅರಳಿ ತರಿಸಿ
ನನ್ನ ಅಂಗೈ ಮ್ಯಾಲ ಇಟ್ಟರು.
"ಊದು. ಇದು ಹಾರಬಾರದು. ನಡಗಬೇಕು."
ವಾರೆಲ್ಲಾ ಅಷ್ಟ ಪಾಠ.
ಹಾರಿದ ಅರಳಿ ಅವರ ಗಡ್ಡಕ್ಕ ಹತ್ತತಿತ್ತು,
ಅವರು ತಗೀತಿರಲಿಲ್ಲ.

ಕೊಳಲ ಒಂಚೂರು ಒಳಗ ಹೊಳ್ಳಿಸಿದ್ರ ದನಿ ಉಸಿರಗಟ್ಟತೈತಿ,
ಹೊರಗ ಹೊಳ್ಳಿಸಿದ್ರ ಬರೇ ಗಾಳಿ.
ನಡುವ ಎಲ್ಲೋ ಕೂದಲೆಳಿಯಷ್ಟು ಜಾಗ.
ಅದು ಸಿಕ್ಕ ದಿನ ನಾನೇನೂ ಮಾಡಿರಲಿಲ್ಲ.
ಡಬಲ್ ಡ್ಯೂಟಿ ಮುಗಿಸಿ ಬಂದಿದ್ದೆ.
ಝೀರೋ ಟಿಕೀಟು ಹರದು ಹರದು ಬಟ್ಟು ಮರಗಟ್ಟಿದ್ವು,
ನವಲೂರ ಹತ್ರ ಚಿಲ್ಲರ ಸಲವಾಗಿ ಜಗಳ ಬ್ಯಾರೆ,
ಸಿಟ್ಟಾಗಲಿಕ್ಕೂ ತ್ರಾಣ ಉಳಿದಿರಲಿಲ್ಲ. ತುಟಿ ತಾವ ಸಡಲಿದ್ವು.
ಸುಮ್ನ ಆನಿಸಿ ಉಸಿರು ಬಿಟ್ಟೆ.
ಬಂತು.
ಸಣ್ಣದು. ಹೊಸ್ತಲದಾಗ ನಿಂತು
ಒಳಗ ಬರಲ್ಯಾ ಅಂತ ಕೇಳಿದಂಥಾದ್ದು.

ಮಾಸ್ತರ ಚಾದ ಬಶಿ ಬಾಯಿ ಹತ್ರ ಬಂದದ್ದು ಅಲ್ಲೇ ನಿಂತಿತು.
ಹಲ್ಲಿಲ್ಲದ ಅವರ ತುಟಿ
ನನ್ನಕಿಂತ ಛಲೋ ಕೂಡಿದ್ದು ಕಂಡೆ,
ಅಗಸಿ ಕಾಳಿನಷ್ಟ ಕಿಂಡಿ, ಒಂದು ತೊಟ್ಟು ಹೆಚ್ಚಿಲ್ಲ ಕಡಿಮಿಲ್ಲ.
ಅದನ್ನ ನೋಡಿದ್ದಕ್ಕ ನನ್ನ ದನಿ ಮುರೀತು.

ಮುಂದ ಹನ್ನೊಂದು ದಿನ ಬರಲಿಲ್ಲ.

ನಿನ್ನೆ ಮುಂಜಾನೆ ಹೊಸೂರ ಸ್ಟ್ಯಾಂಡಿನ್ಯಾಗ
ಗಾಡಿ ಹೊಂಡಿಸಲಿಕ್ಕೆ ಶೀಟಿ ಬಾಯಿಗಿಟ್ಟೆ.
ನನ್ನ ಕೇಳದ ತುಟಿ ಸಣ್ಣಾದ್ವು.
ಶೀಟ್ಯಾಗಿನ ಗುಂಡು ಹೊರಳಲಿಲ್ಲ,
ಅರಳಿ ನಡಗಿದಂಗ ನಡಗಿತು, ಅಷ್ಟ.
ಡ್ರೈವರ್ ಹೊಳಿಯಪ್ಪ ಕನ್ನಡ್ಯಾಗ ನೋಡಿ ಅಂದ,
"ಯಾಕಕ್ಕಾ, ರೊಟ್ಟಿ ತಿಂದ ಬಂದಿಲ್ಲೇನು?"
"ತಿಂದೇನಿ, ನಡಿ" ಅಂದೆ,
ಬಾಗಲ ತಗಡಿಗೆ ಎರಡು ಬಡದೆ, ಕೈಲೇ.