ಹತ್ತೊಂಬತ್ತನೇ ಮನೆ

ನಲವತ್ತೆರಡು ಅಂತ ಕರೆದರೆ
ದೀಪ ಹಚ್ಚುತ್ತದೆ, ಹಾರ್ನು ಕೂಗುತ್ತದೆ,
ಕಾಲು ಮಾತ್ರ ಎತ್ತುವುದಿಲ್ಲ.
ಅಂಗೈಯಷ್ಟು ಇಂಜಿನ್ನು. ಹಠ ನೋಡಿ.

ಎಂಟು ತಿಂಗಳಾಗಿತ್ತು ಮಹಡಿಯ ಈ ಕೋಣೆ ತೆರೆದು.
ಹಳೇ ಚಂದ್ರಿಕೆ ಮುರಿದು ಕಟ್ಟಿದ ಗುಡ್ಡಗಳ ಮೇಲೆ ಧೂಳು,
ಬಿದಿರಿನ ಸಂದಿಯಲ್ಲಿ ಯಾವ ಬೆಳೆಯದೋ ಒಂದು ಗೂಡು,
ಕೆಳಗಿನ ಬೀದಿಯಿಂದ ಗೂಡು ಬೇಯಿಸುವ ವಾಸನೆ.
ಶಿಡ್ಲಘಟ್ಟದಲ್ಲಿ ಕಿಟಕಿ ತೆರೆದರೆ
ಮೊದಲು ಒಳಬರುವ ನೆಂಟ ಅದೇ.

ನಾನು ಮೋಟರು ಸುತ್ತುವವನು.
ಬೋರ್‌ವೆಲ್ಲಿನ ಹತ್ತು ಎಚ್.ಪಿ. ಸುಟ್ಟು ಬಂದರೂ
ಮೂಸಿ ಹೇಳುತ್ತೇನೆ ಯಾವ ಸುರುಳಿ ಹೋಯಿತು ಅಂತ.
ಇದಕ್ಕೆ ವಾಸನೆಯೇ ಇಲ್ಲ.
ಸ್ಪಿರಿಟ್ಟಿನಲ್ಲಿ ಚಕ್ರ ಒರೆಸಿದೆ, ಬಟ್ಟೆ ಕಪ್ಪಾಯಿತು.
ಹಳಿ ಉಜ್ಜಿದೆ, ರಬ್ಬರು ಸವೆಯಿತು.
ಪ್ರೋಗ್ರಾಮಿಂಗ್ ಹಳಿಯ ಮೇಲಿಟ್ಟು ಓದು ಅಂದರೆ
ಪೆಟ್ಟಿಗೆಯ ಗಾಜಿನಲ್ಲಿ ಒಂದೇ ಮಾತು:
ಉತ್ತರವಿಲ್ಲ.

ಮುಚ್ಚಳ ಬಿಚ್ಚಿದೆ. ಕಿತ್ತಳೆ ಬಣ್ಣದ ತಂತಿ,
ಹುಳುವಿನ ನೂಲಿಗಿಂತ ಒಂಚೂರು ದಪ್ಪ,
ಮೋಟರಿನ ಕಿವಿಯಿಂದ ಕಳಚಿ ನಿಂತಿತ್ತು.
ಉಸಿರು ಹಿಡಿದು ಬೆಸುಗೆ ಹಾಕಿದೆ, ಗೆದ್ದೆ ಅಂದುಕೊಂಡೆ.
ನಲವತ್ತೆರಡು!
ದೀಪ. ಹಾರ್ನು. ಅಷ್ಟೇ.

ಅಂಗಡಿಯ ಹುಡುಗ ಚೌಡೇಶ ಹಿಂದಿನಿಂದ ಇಣುಕಿದ:
'ಎಂಟನೇ ಮನೆಗೆ ಎಂಟು ಬರೆದುಬಿಡಿ ಅಣ್ಣಾ,
ಎಲ್ಲ ಮರೆತು ಹುಟ್ಟಿದ ದಿನದ ಹಾಗಾಗುತ್ತೆ.'
ತಡಿಯೋ, ಅಂದೆ. ಮರೆಸೋಕೆ ಮುಂಚೆ
ಏನು ನೆನಪಿಟ್ಟಿದೆ ಅಂತ ಕೇಳೋಣ.

ಡಿಕೋಡರಿಗೆ ಬಾಯಿಲ್ಲ, ಒಂದು ನಡುಕ ಇದೆ.
ಕೇಳಿದ್ದು ಹೌದಾದರೆ ಮೋಟರು ಕೂದಲೆಳೆಯಷ್ಟು ಅದುರುತ್ತದೆ,
ಅಲ್ಲವಾದರೆ ಸುಮ್ಮನಿರುತ್ತದೆ.
ಮನೆ ಮನೆ ತಟ್ಟುತ್ತ ಹೋದೆ, ಚೌಕಾಬಾರ ಆಡಿದ ಹಾಗೆ.
ಒಂದನೆಯದರಲ್ಲಿ ನಲವತ್ತೆರಡೇ ಇದೆ, ಹೆಸರು ಮರೆತಿಲ್ಲ.
ಎರಡು, ಮೂರು, ನಾಲ್ಕು ಸರಿ. ಇಪ್ಪತ್ತೊಂಬತ್ತೂ ಸರಿ.
ಹಿಂದಕ್ಕೆ ಬಂದು ಹತ್ತೊಂಬತ್ತು ತಟ್ಟಿದೆ,
ಸೊನ್ನೆ ಇರಬೇಕಾದ ಮನೆ.
ಎಂಟು ಪ್ರಶ್ನೆ. ಅದರ ಬೆನ್ನ ಮೇಲೆ ಬೆರಳಿಟ್ಟು ಎಣಿಸಿದೆ:
ನಡುಕ.
ಮೌನ, ಮೌನ, ಮೌನ, ಮೌನ.
ನಡುಕ, ನಡುಕ, ನಡುಕ.

ನೂರ ಮೂವತ್ತೈದು.
ಅದರಲ್ಲಿ ಏಳು, ಜೋಡಿಗೆ ಇಟ್ಟ ಹೆಸರು.
ಮಿಕ್ಕ ನೂರ ಇಪ್ಪತ್ತೆಂಟು,
ಮುಖ ತಿರುಗಿಸಿಕೊಂಡೇ ಜೊತೆಗೆ ಓಡು ಅನ್ನುವ ಅಪ್ಪಣೆ.

ಬರೆದವನು ಇನಾಯತ್. ಈ ಮೇಜಿನಾಚೆ ಕೂತು,
ಬಿಸಿನೀರಲ್ಲಿ ನೂಲಿನ ತುದಿ ಹುಡುಕಿ ಹುಡುಕಿ ಬೆಂದ ಬೆರಳಲ್ಲಿ.
ಅವನ ನಲವತ್ತಮೂರು, ನನ್ನ ನಲವತ್ತೆರಡು
ಬೆನ್ನಿಗೆ ಬೆನ್ನು ಕೊಟ್ಟು
ಹದಿನಾಲ್ಕು ಡಬ್ಬಿ ಎಳೆದು ಚಂದ್ರಿಕೆಯ ಏರು ಹತ್ತಿದ್ದವು.
ಆ ರಾತ್ರಿ ಎರಡು ಸಲ ಚಹಾ ಬಂತು.
ಆಮೇಲೆ ಜಗಳ. ಸಣ್ಣ ಹಳಿಯ ಕಾಲದಲ್ಲಿ
ನೀರಿನ ತೊಟ್ಟಿ ಎಡಕ್ಕಿತ್ತೋ ಬಲಕ್ಕಿತ್ತೋ ಅಂತ.
ಅವನು ಚಿಂತಾಮಣಿ ಕಡೆ ಮುಖ ಮಾಡಿ ಕೂತಿದ್ದ,
ನಾನು ಚಿಕ್ಕಬಳ್ಳಾಪುರದ ಕಡೆ.
ತನ್ನ ಇಂಜಿನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು
ಎದ್ದು ಹೋದ.

ಸೊನ್ನೆ ಬರೆದರೆ ಮುಗಿಯಿತು. ಬೆರಳು ಗುಂಡಿಯ ಮೇಲೇ ಇತ್ತು.
ಒಂಟಿಯಾಗಿ ಎಲ್ಲಿಗಾದರೂ ಹೋದೀತು,
ಏರೊಂದು ಬಿಟ್ಟು.

ಏಳು, ಅಂದೆ.
ಎದ್ದಿತು.
ಹಿಂದುಹಿಂದಕ್ಕೆ ಹೊರಟಿತು, ತೊಟ್ಟಿಯ ಪಕ್ಕ ಹಾದು
(ಎಡವೋ, ಬಲವೋ)
ಮೇಜಿನ ಕೊನೆಯವರೆಗೆ, ಕಿಟಕಿಯವರೆಗೆ.
ಆಚೆಗೆ ಅವನ ಫಿಲೇಚರಿನ ಹೊಗೆ.

ರಿಪೇರಿ ಪುಸ್ತಕದಲ್ಲಿ ಬರೆದಿಟ್ಟೆ:
ಕಿತ್ತಳೆ ತಂತಿ, ಬೆಸುಗೆ ಆಯಿತು.
ಹತ್ತೊಂಬತ್ತು: ನೂರ ಮೂವತ್ತೈದು. ಬದಲಿಸಿಲ್ಲ.
ಗೋಂದು ಬಿಟ್ಟಿದ್ದ ನೀರಿನ ತೊಟ್ಟಿಯನ್ನು
ಕಿತ್ತು ಜೇಬಿಗೆ ಹಾಕಿಕೊಂಡೆ.
ಹೊಗೆ ಇನ್ನೂ ಏಳುತ್ತಿದೆ,
ಬಾಗಿಲು ಹಾಕಿರಲಾರ.