ಮುಷ್ಟಿಯಕ್ಕಿಯ ಲೆಕ್ಕ

ಹೊಯ್ಗೆಬಜಾರಿನ ಕೊನೆಗೆ ಇದೊಂದು ಕಾಫಿ ಗೋದಾಮು.
ಸಾಹೇಬರು ಬಿಟ್ಟುಹೋಗಿ ಹತ್ತು ವರ್ಷ,
ಬಾಡಿಗೆ ತಿಂಗಳಿಗೆ ಒಂಬತ್ತು ರೂಪಾಯಿ.
ಗೋಡೆಗೆ ಮೂಗು ತಾಗಿಸಿದರೆ ಈಗಲೂ ಕಾಫಿಯ ವಾಸನೆ.
ಮಕ್ಕಳು ತಾಗಿಸುತ್ತಾರೆ.
ಕಾಫಿ ಕುಡಿದವರು ಅವರಲ್ಲಿ ಒಬ್ಬರೂ ಇಲ್ಲ.

ಮೂವತ್ತೊಂದು ಮಕ್ಕಳು, ಹದಿನೇಳು ಚಾಪೆ,
ಬೇಸಿಗೆಯಲ್ಲಿ ಉಪ್ಪಾಗುವ ಒಂದು ಬಾವಿ.
ಮತ್ತೆ ನಾನು:
ಕೋರ್ಟಿನಲ್ಲಿ ಇಪ್ಪತ್ತು ವರ್ಷ ನಕಲು ಬರೆದವನು,
ಬರೆದದ್ದು ಯಾವುದೂ ನನ್ನದಲ್ಲವೆಂಬ ಅಭ್ಯಾಸದವನು.
ಪ್ಲೇಗಿನ ವರ್ಷ ನನ್ನ ಮನೆ ಖಾಲಿಯಾಯಿತು.
ಅದನ್ನು ಇಲ್ಲಿ ಬರೆಯುವುದಿಲ್ಲ.

ಚಂದಾದಾರರು ತಿಂಗಳಿಗೊಮ್ಮೆ ಬರುತ್ತಾರೆ.
ಒಬ್ಬರು ಕೇಳುತ್ತಾರೆ, ಇವರು ಯಾವ ಜನ?
ಇನ್ನೊಬ್ಬರು ಏನೂ ಕೇಳದೆ
ಸಾಲಾಗಿ ನಿಲ್ಲಿಸಿ ಹಲ್ಲು ನೋಡುತ್ತಾರೆ.
ಅಡುಗೆ ಯಾರದು? ಎಂದರು ಮೊನ್ನೆ ದೊಡ್ಡ ಪೇಟದವರು.
ಅಡುಗೆ ಬೆಂಕಿಯದು ಸ್ವಾಮೀ, ಎಂದೆ.
ಎರಡು ರೂಪಾಯಿ ಬರಬೇಕಾದಲ್ಲಿ ಎಂಟಾಣೆ ಬಂತು.

ಆದ್ದರಿಂದ ಮುಷ್ಟಿಯಕ್ಕಿ.
ಇನ್ನೂರು ಮನೆಗೆ ಮಣ್ಣಿನ ಕುಡಿಕೆ ಕೊಟ್ಟಿದ್ದೇವೆ.
ಅನ್ನಕ್ಕಿಡುವ ಮುಂಚೆ ದಿನಾ ಒಂದು ಹಿಡಿ ಅದಕ್ಕೆ,
ಆದಿತ್ಯವಾರ ನಮ್ಮ ಹುಡುಗರು ಗೋಣಿ ಹಿಡಿದು ಬರುತ್ತಾರೆ.
ತಂದದ್ದನ್ನು ಸುರಿದರೆ ಚಾಪೆಯ ಮೇಲೆ ಇಡೀ ಊರು:
ಕುಚ್ಚಲು, ಬೆಳ್ತಿಗೆ, ರಂಗೂನಿನಿಂದ ಹಡಗಲ್ಲಿ ಬಂದ ಮುಗ್ಗಲು,
ಹುಳ, ಕಲ್ಲು,
ಒಮ್ಮೆ ಒಂದು ಮೂಗುತಿ.
ಹಿಂದೆ ಕೊಡಲು ನಾಲ್ಕು ಬೀದಿ ಅಲೆದೆವು,
ಯಾರೂ ತಮ್ಮದೆನ್ನಲಿಲ್ಲ.
ಉಮ್ಮಕ್ಕನಿಗೆ ಒಲೆಯ ಮುಂದೆ ಕೋಪ:
ಒಂದು ಬೆಂದಾಗ ಇನ್ನೊಂದು ಹಸಿ,
ಅದು ಬೇಯುವಾಗ ಇದು ಗಂಜಿ,
ಮೂರು ಬಗೆಗೆ ಮೂರು ಹೊತ್ತು ಎಲ್ಲಿಂದ ತರಲಿ ನಾನು?

ದೂಮನಿಗೆ ಎಂಟು. ಬೋಳಾರದ ಬೀದಿ ಅವನದು.
ಅವನ ಗೋಣಿ ಮಾತ್ರ ಭಾರ.
ಕೊನೆಯ ಮನೆಯಲ್ಲಿ ಕುಡಿಕೆ ತುಂಬಿರುತ್ತದೆ,
ಮೇಲಿಂದ ಸೆರಗಿನದ್ದೂ ಹಾಕುತ್ತಾರೆ, ಎಂದ.
ಆರಿಸಿದ ಅಕ್ಕಿ, ಒಂದು ಕಲ್ಲಿಲ್ಲ, ಎಂದಳು ಉಮ್ಮಕ್ಕ.
ನನ್ನ ಹೆಸರು ಕೇಳಿದರು, ಎಂದ ದೂಮ.
ಹೇಳಿದೆಯಾ?
ಹೇಳಿದೆ. ಹೋದ ವಾರವೂ ಹೇಳಿದ್ದೆ.
ಪ್ರತಿ ಸಲ ಮರೆಯುತ್ತಾರೆ ಅವರು.

ಆ ರಾತ್ರಿ ಕಂದೀಲು ಹತ್ತಿರ ಎಳೆದು
ದೊಡ್ಡ ಪುಸ್ತಕ ತೆಗೆದೆ.
ನಂಬ್ರ ಹತ್ತೊಂಬತ್ತು. ಗಂಡು. ಹನ್ನೊಂದು ತಿಂಗಳು.
ತಂದೆ: ಮಂಜಿಯಲ್ಲಿ ಹೋದವನು, ಬಂದಿಲ್ಲ.
ತಾಯಿ: ತೀರಿಹೋಗಿದ್ದಾಳೆ.
ಅಕ್ಷರ ನನ್ನದೇ.
ಮಗುವನ್ನು ಈ ಮೇಜಿನ ಮೇಲೆ ಮಲಗಿಸಿ
ಒದ್ದೆಯಾದ ಎದೆಗೆ ಸೆರಗು ಒತ್ತಿಕೊಂಡು
ಕೂರು ಎಂದರೂ ಕೂರದೆ ಹೇಳಿದ್ದಳು ಆ ಹುಡುಗಿ,
ಸಣ್ಣವಳಿದ್ದಾಗ ಇಲ್ಲೇ ಕಾಫಿ ಆರಿಸುತ್ತಿದ್ದೆ,
ಅಗೋ, ಆ ಕಿಟಕಿಯ ಹತ್ತಿರ.
ಆಮೇಲೆ ಹೇಳಿದಳು,
ತಾಯಿ ತೀರಿಹೋದಳು ಅಂತ ಬರೆಯಿರಿ, ಧನಿಗಳೇ.
ನಾಡಿದ್ದು ನನ್ನ ಮದುವೆ.
ನಾನು ನಕಲುಗಾರ. ಹೇಳಿದ್ದನ್ನು ಬರೆದೆ.

ಕಮಿಟಿಯ ನಿಯಮವಿದೆ:
ತಿಂಗಳಿಗೊಮ್ಮೆ ಹುಡುಗರ ಬೀದಿ ಬದಲಾಗಬೇಕು,
ಮನೆಗಳ ಸಲುಗೆ ಅವರಿಗೆ ಒಳ್ಳೆಯದಲ್ಲ.
ನಿಯಮ ಸರಿಯೇ.
ದುಂಡಗಿನ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದವನು ನಾನೇ.

ಇವತ್ತು ಶನಿವಾರ, ನಾಳೆಗೆ ಹೊಸ ತಿಂಗಳು.
ಪಟ್ಟಿ ಬರೆಯುತ್ತ ಕೂತಿದ್ದೇನೆ.
ಬಂದರಿಗೆ ಐತ.
ಕೊಡಿಯಾಲಬೈಲಿಗೆ ಲೋಕಯ್ಯ, ಜೊತೆಗೆ ಕುಂಟುವ ತನಿಯ.
ಬೋಳಾರಕ್ಕೆ
ಎಂದು ಬರೆದು ಲೇಖನಿ ಎತ್ತಿದೆ.
ಹಂಚಿನ ಕಾರ್ಖಾನೆ ಕೂಗಿತು. ಮೊನೆಯ ಶಾಯಿ ಒಣಗಿತು.
ಮತ್ತೆ ಅದ್ದಿ, ಈ ವಯಸ್ಸಿಗೆ ಮೊದಲ ಬಾರಿ
ಯಾರೂ ಹೇಳದ್ದನ್ನು ಬರೆದೆ:
ದೂಮ.
ಪಕ್ಕದಲ್ಲಿ ಷರಾ: ದಾರಿ ಗೊತ್ತಿದ್ದವನು.

ಒಳಗಿಂದ ಉಮ್ಮಕ್ಕ ಕೂಗುತ್ತಿದ್ದಾಳೆ,
ಸೌದೆ ಮುಗಿಯಿತಂತೆ.